ಒಂಟಿಗಾಲಿಯ ವಿದ್ಯುದ್ವಾಹನ: ಏರುವ ಮೊದಲು ಅರಿಯತಕ್ಕ ಮಿತಿ

ಅಮೇರಿಕ ದೇಶದ ಗ್ರಾಹಕ ವಸ್ತು ಸುರಕ್ಷಾ ಆಯೋಗವು ೨೦೨೩ನೆಯ ಇಸವಿಯ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಒಂದು ಪ್ರಕಟಣೆಯನ್ನು ಹೊರಡಿಸಿತು. ಒಂದೇ ಗಾಲಿಯ ಮೇಲೆ ತಾನಾಗಿ ತೂಕ ಹಿಡಿದು ಓಡುವ ‘ಒನ್‌ವ್ಹೀಲ್’ ಎಂಬ ವಿದ್ಯುತ್ ಹಲಗೆಗಳನ್ನು, ಸುಮಾರು ಮೂರು ಲಕ್ಷದಷ್ಟನ್ನು, ಅವುಗಳ ತಯಾರಕರಾದ ಫ್ಯೂಚರ್ ಮೋಶನ್ ಕಂಪೆನಿಯವರು ದೋಷ ಪರಿಹಾರಕ್ಕಾಗಿ ಹಿಂದಕ್ಕೆ ಕರೆದಿರುವರೆಂಬುದೇ ಅದರ ಸಾರಾಂಶ. ೨೦೧೯ರಿಂದ ೨೦೨೧ರ ವರೆಗಿನ ಅವಧಿಯಲ್ಲಿ ಈ ವಾಹನದಿಂದ ಬಿದ್ದು ನಾಲ್ವರು ಮೃತರಾದ ವರದಿಗಳು ಆಯೋಗದ ಮುಂದಿದ್ದವು. ಅವರ ಮರಣಕ್ಕೆ ಕಾರಣವಾದುದು ತಲೆಯ ಪೆಟ್ಟು. ಕನಿಷ್ಠ ಮೂವರು ಶಿರಸ್ತ್ರಾಣವನ್ನು ಧರಿಸಿರಲಿಲ್ಲ. ತನ್ನ ಶಕ್ತಿಯ ಮಿತಿಯನ್ನು ಮೀರಿದ ಸಮಯದಲ್ಲಿ ಈ ಗಾಡಿಯು ಸವಾರನನ್ನು ಎತ್ತಿ ಹಿಡಿಯಲಾರದೆ ಕೈಬಿಡುತ್ತದೆ ಎಂಬುದೇ ದೋಷವೆಂದು ಹೇಳಲಾಯಿತು.

ಇದಕ್ಕೆ ಹತ್ತು ತಿಂಗಳ ಹಿಂದೆ, ೨೦೨೨ರ ನವೆಂಬರಿನಲ್ಲಿಯೇ, ಆಯೋಗವು ಜನರಿಗೆ ಈ ವಾಹನವನ್ನು ಬಳಸಬೇಡಿರೆಂದು ಎಚ್ಚರಿಕೆಯನ್ನಿತ್ತಿತ್ತು. ಬಳಕೆಯನ್ನು ನಿಲ್ಲಿಸಲು ಯಾವ ಕಾರಣವೂ ಇಲ್ಲವೆಂಬುದು ಆಗ ಕಂಪೆನಿಯ ವಾದವಾಗಿತ್ತು. ತಪ್ಪು ಯಂತ್ರದ್ದೋ ಸವಾರನದೋ ಎಂಬ ಈ ತಕರಾರಿನಲ್ಲಿಯೇ ಒಂಟಿಗಾಲಿಯ ವಿದ್ಯೆಯ ಮರ್ಮವೆಲ್ಲ ಅಡಗಿದೆ ಎಂಬುದು ನಮ್ಮ ಅಭಿಪ್ರಾಯ.

ವಿಷಯವು ಸಾಗರದಾಚೆಯದು, ಅದರಿಂದ ನಮಗೇನು ಎಂದು ಕೇಳುವವರುಂಟು. ಲೋಕಲ್ ಗಾಡಿಯಿಂದಿಳಿದು ಕಚೇರಿಯನ್ನು ಮುಟ್ಟಲು ಇನ್ನೊಂದು ಮೈಲಿ ತುಳಿಯಬೇಕಾದ ಗುಮಾಸ್ತನಿಗಾಗಲಿ, ಹೊಟೇಲಿನ ಪಾರ್ಸೆಲುಗಳನ್ನು ಹೊತ್ತು ಮನೆಯಿಂದ ಮನೆಗೆ ಓಡುವ ತರುಣನಿಗಾಗಲಿ, ಪೆಟ್ರೋಲು ಬೇಡದ, ನಿಲ್ಲಿಸಲು ಸ್ಥಳವನ್ನೂ ಕೇಳದ, ಬೇಕೆಂದಾಗ ಕೈಯಲ್ಲೆತ್ತಿಕೊಂಡು ಹೋಗಬಹುದಾದ ವಾಹನವೊಂದು ಇದೆಯೆಂದರೆ ಆಸೆ ಹುಟ್ಟುವುದು ಸಹಜ. ಮೊಬೈಲು ಫೋನಿನ ಪರದೆಯ ಮೇಲೆ ಪರದೇಶದ ಸವಾರರು ಹಕ್ಕಿಗಳಂತೆ ತೇಲಿ ಹೋಗುವ ಚಲಚ್ಚಿತ್ರಗಳನ್ನು ನೋಡದ ಹುಡುಗರು ಇಂದು ವಿರಳ. ಆ ಚಿತ್ರಗಳಲ್ಲಿ ಬೀಳುವ ಭಾಗವನ್ನು ಸಾಮಾನ್ಯವಾಗಿ ಕತ್ತರಿಸಿರುತ್ತಾರೆ.

ಈ ವರ್ಗದ ವಾಹನಗಳಲ್ಲಿ ಎರಡು ರೂಪಗಳುಂಟು. ಒಂದು, ಎರಡು ಕಾಲುಗಳ ನಡುವೆ ನಿಲ್ಲುವ ದೊಡ್ಡ ಗಾಲಿ. ಅದರ ಎರಡು ಪಕ್ಕಗಳಲ್ಲಿ ಪಾದವಿಡಲು ಮಡಚುವ ಮೆಟ್ಟಿಲುಗಳು. ಅಮೇರಿಕದ ಶೇನ್ ಚೆನ್ ಎಂಬ ಸಂಶೋಧಕರು ೨೦೧೧ರ ಸುಮಾರಿಗೆ ‘ಸೋಲೋವ್ಹೀಲ್’ ಎಂಬ ಹೆಸರಿನಿಂದ ಇದನ್ನು ಮಾರುಕಟ್ಟೆಗೆ ತಂದರು. ತರುವಾಯ ಚೀನದ ಕಾರಖಾನೆಗಳು ಇದನ್ನು ಬಹುವಿಧವಾಗಿ ಬೆಳೆಯಿಸಿವೆ. ಇನ್ನೊಂದು, ೨೦೧೪ರಲ್ಲಿ ಬೆಳಕಿಗೆ ಬಂದ ಹಲಗೆ. ಅದರ ನಟ್ಟನಡುವೆ ದಪ್ಪನೆಯ ಒಂದು ಗಾಲಿ, ಅದರ ಹಿಂದೆ ಮುಂದೆ ಒಂದೊಂದು ಕಾಲು. ಆಕಾರವು ಬೇರೆಯಾದರೂ ತತ್ತ್ವ ಒಂದೇ. ಸೂರ್ಯನ ರಥಕ್ಕೆ ಒಂದೇ ಚಕ್ರವೆಂದೂ ಅದರ ಸಾರಥಿಗೆ ತೊಡೆಗಳಿಲ್ಲವೆಂದೂ ನಮ್ಮ ಪೂರ್ವಿಕರು ಹೇಳಿದ್ದಾರೆ. ಇಲ್ಲಿಯ ಸಾರಥಿಗಾದರೋ ತೊಡೆಯೇ ಲಗಾಮು.

ಚಿಕ್ಕ ಹುಡುಗನೊಬ್ಬನು ಅಂಗೈಯ ಮೇಲೆ ಕೋಲನ್ನು ನೆಟ್ಟಗೆ ನಿಲ್ಲಿಸುವ ಆಟವನ್ನು ವಾಚಕರು ನೋಡಿರಬಹುದು. ಕೋಲು ಮುಂದಕ್ಕೆ ವಾಲಿತೆಂದರೆ ಅವನ ಕೈಯೂ ಮುಂದಕ್ಕೆ ಹೋಗುತ್ತದೆ. ಬೀಳುವ ಕೋಲಿನ ಕೆಳಕ್ಕೆ ಕೈಯು ಮತ್ತೆ ಬಂದು ಸೇರುವುದರಿಂದ ಕೋಲು ನಿಲ್ಲುತ್ತದೆ. ಒಂಟಿಗಾಲಿಯಲ್ಲಿ ಕೋಲೇ ಸವಾರ, ಕೈಯೇ ಗಾಲಿ. ಸವಾರನು ಮುಂದಕ್ಕೆ ವಾಲಿದುದನ್ನು ಒಳಗಿನ ಸೂಕ್ಷ್ಮ ಮಾಪಕಗಳು ಕ್ಷಣಾರ್ಧದಲ್ಲಿ ಅಳೆಯುತ್ತವೆ. ಮೋಟಾರು ಗಾಲಿಯನ್ನು ಮುಂದಕ್ಕೆ ಉರುಳಿಸಿ ಅವನ ತೂಕದ ಕೆಳಕ್ಕೆ ತರುತ್ತದೆ. ಹಿಂದಕ್ಕೆ ವಾಲಿದರೆ ಅದೇ ಮೋಟಾರು ತಡೆ ಹಾಕುತ್ತದೆ. ಕೈಯಲ್ಲಿ ಹಿಡಿಕೆಯಿಲ್ಲ, ಕಾಲಿನಲ್ಲಿ ಬ್ರೇಕಿಲ್ಲ. ದೇಹವನ್ನು ಬಾಗಿಸುವುದೇ ವೇಗ, ದೇಹವನ್ನು ಬಾಗಿಸುವುದೇ ತಡೆ.

ಇಲ್ಲಿ ಅನೇಕರು ಮೋಸ ಹೋಗುವ ಒಂದು ಮಾತುಂಟು. ‘ತಾನಾಗಿ ತೂಕ ಹಿಡಿಯುವ ಗಾಡಿ’ ಎಂದು ಅಂಗಡಿಯವನು ಹೇಳುವುದು ಅರ್ಧ ಸತ್ಯ. ಯಂತ್ರವು ನೋಡಿಕೊಳ್ಳುವುದು ಹಿಂದು ಮುಂದಿನ ತೂಕವನ್ನು ಮಾತ್ರ. ಎಡಬಲದ ತೂಕವು, ಸೈಕಲ್ಲಿನಲ್ಲಿರುವಂತೆ, ಸವಾರನ ಪಾಲಿನದು. ಆದುದರಿಂದಲೇ ಮೊದಲ ದಿವಸ ಗಾಲಿಯನ್ನೇರಿದವನು ಕುಡುಕನಂತೆ ಅತ್ತಿತ್ತ ತೂರಾಡುತ್ತಾನೆ. ಆದರೆ ಈ ತೂರಾಟದಿಂದ ಪ್ರಾಣಾಪಾಯವು ಕ್ವಚಿತ್ತಾಗಿ ಮಾತ್ರ ಬರುವುದು. ಬಿದ್ದರೂ ಮಂದಗತಿಯಲ್ಲಿ ಬೀಳುವನು, ಮೊಳಕಾಲು ತರಚೀತು. ನಿಜವಾದ ಅಪಾಯವು ಕಾದಿರುವುದು ಕಲಿತವನಿಗೆ.

ಅದರ ಕಾರಣವನ್ನು ಸ್ವಲ್ಪ ವಿಸ್ತರಿಸಿ ಹೇಳುವುದು ಅವಶ್ಯ. ವಿದ್ಯುತ್ ಮೋಟಾರಿನ ಸ್ವಭಾವವೇನೆಂದರೆ, ಅದು ವೇಗವಾಗಿ ತಿರುಗಿದಷ್ಟೂ ಅದರೊಳಗೆ ಎದುರು ವಿದ್ಯುತ್ತು ಹುಟ್ಟಿ, ಇನ್ನಷ್ಟು ಒತ್ತುವ ಬಲವು ಕುಂದುತ್ತ ಹೋಗುವುದು. ನಿಂತಲ್ಲಿಂದ ಹೊರಡುವಾಗ ಬೇಕಾದಷ್ಟಿರುವ ಬಲವು ಪರಮವೇಗದ ಸಮೀಪದಲ್ಲಿ ಬಹುಮಟ್ಟಿಗೆ ಮುಗಿದಿರುತ್ತದೆ. ಸಾಮಾನ್ಯ ಸ್ಕೂಟರಿನಲ್ಲಿ ಇದರಿಂದ ತೊಂದರೆಯಿಲ್ಲ. ಬಲ ಮುಗಿದರೆ ಗಾಡಿ ಅದಕ್ಕಿಂತ ವೇಗವಾಗಿ ಹೋಗದು, ಅಷ್ಟೇ. ಎಂಜಿನು ಪೂರ್ತಿಯಾಗಿ ಕೆಟ್ಟರೂ ಅದು ನಿಧಾನವಾಗಿ ಉರುಳಿ ನಿಲ್ಲುತ್ತದೆ. ಒಂಟಿಗಾಲಿಯಲ್ಲಾದರೋ ಸವಾರನನ್ನು ಓಡಿಸುವ ಬಲವೂ ಅವನನ್ನು ಎತ್ತಿ ನಿಲ್ಲಿಸುವ ಬಲವೂ ಒಂದೇ ಗಂಟಿನಿಂದ ಬರತಕ್ಕವು. ಓಟಕ್ಕೆ ಎಲ್ಲವನ್ನೂ ವೆಚ್ಚ ಮಾಡಿದ ಮೇಲೆ ನಿಲ್ಲಿಸಲು ಏನೂ ಉಳಿಯದು. ಆ ಗಳಿಗೆಯಲ್ಲಿ ರಸ್ತೆಯ ಚಿಕ್ಕ ಉಬ್ಬೊಂದು ಅಡ್ಡ ಬಂದರೆ, ಎದುರುಗಾಳಿ ಬೀಸಿದರೆ, ಸವಾರನು ಇನ್ನೊಂದು ಅಂಗುಲ ಮುಂದಕ್ಕೆ ಬಾಗಿದರೆ, ಗಾಲಿಯು ಅವನ ಕೆಳಕ್ಕೆ ಬಂದು ಸೇರಲಾರದೆ ಹಿಂದೆ ಉಳಿಯುತ್ತದೆ. ಸವಾರನು ಮುಖವಡಿಯಾಗಿ ನೆಲಕ್ಕೆ ಅಪ್ಪಳಿಸುತ್ತಾನೆ. ಕೈಯಲ್ಲಿ ಹಿಡಿಕೆಯೊಂದಿದ್ದರೆ ಅದನ್ನಾದರೂ ಅವಲಂಬಿಸಬಹುದಿತ್ತು. ಇಲ್ಲಿ ಅದಕ್ಕೂ ಆಸ್ಪದವಿಲ್ಲ.

ಬ್ಯಾಟರಿಯ ವಿದ್ಯುತ್ತು ಇಳಿಯುತ್ತಿರುವಾಗ ಈ ಗಂಟು ಇನ್ನಷ್ಟು ಕಿರಿದಾಗುವುದು. ಬೆಳಿಗ್ಗೆ ತುಂಬಿದ ಬ್ಯಾಟರಿಯಲ್ಲಿ ಸುಖವಾಗಿ ಹೋದ ವೇಗವೇ ಸಂಜೆ ಮನೆಗೆ ಮರಳುವಾಗ ಮಿತಿಯನ್ನು ಮೀರಿದ ವೇಗವಾಗಿರಬಹುದು. ಏರುದಾರಿಯಲ್ಲಿ, ಭಾರವಾದ ಶರೀರದವರಲ್ಲಿ, ಬೆನ್ನ ಮೇಲೆ ಹೊರೆಯಿದ್ದಾಗ ಮಿತಿಯು ಬೇಗನೆ ಬರುವುದು. ವಿಚಿತ್ರವೆಂದರೆ ಬ್ಯಾಟರಿಯು ಪೂರ್ತಿ ತುಂಬಿರುವಾಗಲೂ ಒಂದು ವಿಪತ್ತು ಇದೆ. ಇಳಿಜಾರಿನಲ್ಲಿ ತಡೆ ಹಾಕಿದಾಗ ಮೋಟಾರು ವಿದ್ಯುತ್ತನ್ನು ಉತ್ಪಾದಿಸಿ ಬ್ಯಾಟರಿಗೆ ತಿರುಗಿ ಕಳುಹಿಸುತ್ತದೆ. ತುಂಬಿದ ಪಾತ್ರೆಯಲ್ಲಿ ಅದಕ್ಕೆ ಸ್ಥಳವೆಲ್ಲಿ? ಮಲಬಾರ್ ಹಿಲ್ಲಿನ ಮೇಲೆ ಬ್ಯಾಟರಿಯನ್ನು ತುಂಬಿಸಿಕೊಂಡು ನೇರವಾಗಿ ಚೌಪಾಟಿಗೆ ಇಳಿಯುವೆನೆನ್ನುವವನು ಇದನ್ನು ಮನಗಾಣಬೇಕು.

ತಯಾರಕರು ಇದನ್ನು ಅರಿಯದವರಲ್ಲ. ಮಿತಿಯು ಸಮೀಪಿಸಿತೆಂದರೆ ಗಾಡಿಯು ಕೀರಲು ಸದ್ದು ಮಾಡುವಂತೆಯೂ, ಅಥವಾ ತನ್ನ ಮುಂಭಾಗವನ್ನು ಮೇಲೆತ್ತಿ ಸವಾರನನ್ನು ಹಿಂದಕ್ಕೆ ತಳ್ಳುವಂತೆಯೂ ಏರ್ಪಾಡು ಮಾಡಿದ್ದಾರೆ. ಆದರೆ ಮುಂಭಾಗವನ್ನು ಮೇಲೆತ್ತುವುದಕ್ಕೆ ಗಾಲಿಯು ಒಂದು ಕ್ಷಣ ಸವಾರನಿಗಿಂತ ಮುಂದೆ ಧಾವಿಸಬೇಕು. ಎಂದರೆ ಬಲವು ಮುಗಿಯುತ್ತ ಬಂದಾಗಲೇ ಇನ್ನಷ್ಟು ಬಲವನ್ನು ವೆಚ್ಚ ಮಾಡಬೇಕು. ಸಾಲಗಾರನಿಗೆ ಎಚ್ಚರಿಕೆಯ ಪತ್ರವನ್ನು ಕಳುಹಿಸಿ ಅದರ ಅಂಚೆವೆಚ್ಚವನ್ನೂ ಅವನ ಲೆಕ್ಕಕ್ಕೆ ಬರೆದಂತಾಯಿತು. ಅಲ್ಲದೆ ರಸ್ತೆಯ ಏರುತಗ್ಗುಗಳ ನಡುವೆ ಈ ತಳ್ಳುವಿಕೆಯನ್ನು ಹೊಸಬನು ಗುರುತಿಸಲಾರನು. ಹಳಬನು ಗುರುತಿಸಿಯೂ ಲಕ್ಷಿಸದೆ ಮುಂದಕ್ಕೆ ಒತ್ತುವನು. ೨೦೨೩ರ ಕ್ರಮದಂತೆ ಅಮೇರಿಕದ ಕಂಪೆನಿಯು ತನ್ನ ಹೊಸ ಮಾದರಿಗಳಿಗೆ ಒದಗಿಸಿದ ಪರಿಹಾರವೆಂದರೆ, ಮಿತಿಯ ಸಮೀಪದಲ್ಲಿ ಪಾದಕ್ಕೆ ತಿಳಿಯುವಂತೆ ಕಂಪಿಸುವ, ಕಿವಿಗೆ ಕೇಳುವಂತೆ ಗುಂಯ್ಗುಡುವ ಒಂದು ಏರ್ಪಾಡು. ಯಂತ್ರದ ಬಲವು ಇದರಿಂದ ಹೆಚ್ಚಲಿಲ್ಲ. ಎಚ್ಚರಿಕೆಯ ಧ್ವನಿ ಮಾತ್ರ ಹೆಚ್ಚಿತು. ಆಯೋಗವೂ ಕಂಪೆನಿಯೂ ತಮ್ಮ ತಮ್ಮ ಮಟ್ಟಿಗೆ ಅರ್ಧ ಗೆದ್ದರೆಂದು ಹೇಳಲಡ್ಡಿಯಿಲ್ಲ. ಮಿಕ್ಕ ಅರ್ಧವು ಸವಾರನ ಕೈಯಲ್ಲಿದೆ, ಅರ್ಥಾತ್ ಕಾಲಿನಲ್ಲಿದೆ.

ಕಲಿಯುವ ಕ್ರಮವನ್ನು ಈ ದೃಷ್ಟಿಯಿಂದಲೇ ನೋಡಬೇಕು. ಪ್ರಥಮತಃ ಸ್ಥಳ. ವಾಹನಸಂಚಾರವಿಲ್ಲದ, ಸಮತಟ್ಟಾದ, ಗಟ್ಟಿನೆಲದ ಬಯಲು ಬೇಕು. ನಮ್ಮ ಮಹಾನಗರಗಳಲ್ಲಿ ಇದು ಭಾನುವಾರದ ಮುಂಜಾನೆ ಮಾತ್ರ ದೊರೆಯುವ ಭಾಗ್ಯ. ಗಾಡಿಯ ಪರಮವೇಗವನ್ನು ಫೋನಿನ ಮೂಲಕ ತಗ್ಗಿಸಿಡುವ ಅನುಕೂಲವು ಹೆಚ್ಚಿನ ಮಾದರಿಗಳಲ್ಲಿ ಉಂಟು. ಮೊದಲ ವಾರಗಳಲ್ಲಿ ಅದನ್ನು ಅತಿ ಕಡಿಮೆಯ ಮಟ್ಟದಲ್ಲಿಯೇ ಇಡತಕ್ಕದ್ದು. ಕಾಲುಗಳ ನಡುವಿನ ಗಾಲಿಯಾದರೆ ಒಂದು ಪಾದವನ್ನು ಮೆಟ್ಟಿಲ ಮೇಲಿಟ್ಟು, ಕಣಕಾಲನ್ನು ಗಾಲಿಯ ಪಕ್ಕಕ್ಕೆ ಒತ್ತಿ, ಇನ್ನೊಂದು ಕಾಲಿನಿಂದ ನೆಲವನ್ನು ತಳ್ಳುತ್ತ ಕುಂಟಿ ಸಾಗುವ ಅಭ್ಯಾಸವನ್ನು ಮೊದಲು ಮಾಡಬೇಕು. ಇದು ಕೈವಶವಾಗುವ ಮೊದಲು ಎರಡನೆಯ ಪಾದವನ್ನು ಎತ್ತುವ ಆತುರವೇ ಬಹುಮಂದಿಯನ್ನು ಕೆಡವುತ್ತದೆ. ಗೋಡೆಯನ್ನೋ ಕಟಕಟೆಯನ್ನೋ ಹಿಡಿದುಕೊಳ್ಳಬಹುದು; ಆದರೆ ಬಹಳ ಹೊತ್ತು ಹಿಡಿದವನು ಗೋಡೆಯ ಕಡೆಗೇ ವಾಲುವುದನ್ನು ಕಲಿಯುವನು.

ಮೊಳಕಾಲುಗಳು ಸಡಿಲವಾಗಿರಬೇಕು, ದೃಷ್ಟಿಯು ಇಪ್ಪತ್ತು ಮೂವತ್ತು ಅಡಿಗಳ ಮುಂದೆ ಇರಬೇಕು. ತನ್ನ ಪಾದಗಳನ್ನೇ ನೋಡುವವನು ನಿಶ್ಚಯವಾಗಿ ಬೀಳುವನು. ಹೊಟೇಲಿನಲ್ಲಿ ದುಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೋಳಿನುದ್ದಕ್ಕೂ ಕಾಫಿಯ ಲೋಟಗಳನ್ನು ಜೋಡಿಸಿಕೊಂಡು ಬರುವ ನುರಿತ ಹುಡುಗನು ಲೋಟಗಳನ್ನು ನೋಡುವುದಿಲ್ಲ, ತಲುಪಬೇಕಾದ ಮೇಜನ್ನು ನೋಡುತ್ತಾನೆ. ತೀರ ನಿಧಾನವಾಗಿ ಹೋದರೂ ಎಡಬಲದ ತೂಕ ನಿಲ್ಲದು. ಬಿರುಸಾಗಿ ನಡೆಯುವವನ ವೇಗಕ್ಕಿಂತ ತುಸು ಹೆಚ್ಚಿನ ಓಟದಲ್ಲಿ ಗಾಲಿಯು ತಾನಾಗಿ ನೆಟ್ಟಗಾಗುವುದು. ಕೆಲವರಿಗೆ ಇದು ಒಂದೆರಡು ದಿನಗಳಲ್ಲಿ ಕೈಗೂಡುವುದು, ಕೆಲವರಿಗೆ ಎರಡು ವಾರ ಹಿಡಿಯುವುದು. ಇದರಲ್ಲಿ ನಾಚಿಕೆ ಪಡುವಂಥದೇನೂ ಇಲ್ಲ.

ಓಡುವುದಕ್ಕಿಂತ ಮುಂಚೆ ನಿಲ್ಲಿಸುವುದನ್ನು ಕಲಿಯಬೇಕೆಂಬುದನ್ನು ಎಷ್ಟು ಸಾರಿ ಹೇಳಿದರೂ ಹೆಚ್ಚಾಗದು. ಕುರ್ಚಿಯಲ್ಲಿ ಕೂಡುವವನಂತೆ ಸೊಂಟವನ್ನು ಹಿಂದಕ್ಕೂ ಕೆಳಕ್ಕೂ ತಂದು ತಡೆ ಹಾಕುವ ಅಭ್ಯಾಸವು, ಯೋಚಿಸದೆಯೇ ದೇಹವು ಮಾಡುವಷ್ಟು ರೂಢವಾಗಬೇಕು. ಬೀಳುವ ಸಮಯದಲ್ಲಿ ಮನುಷ್ಯನು ಸ್ವಭಾವತಃ ಅಂಗೈಯನ್ನು ಚಾಚುತ್ತಾನೆ. ಇಡೀ ದೇಹದ ಭಾರವು ಮಣಿಕಟ್ಟಿನ ಮೇಲೆ ಬಿದ್ದು ಎಲುಬು ಮುರಿಯುತ್ತದೆ. ಆದುದರಿಂದ ತಲೆಗೆ, ಸಾಧ್ಯವಿದ್ದರೆ ಗದ್ದವನ್ನೂ ಮುಚ್ಚುವ, ಶಿರಸ್ತ್ರಾಣ. ಮಣಿಕಟ್ಟಿಗೆ ಗಟ್ಟಿ ಪಟ್ಟಿಯಿರುವ ಕವಚ. ಮೊಳಕಾಲಿಗೂ ಮೊಳಕೈಗೂ ಮೆತ್ತೆ. ಇವಿಲ್ಲದೆ ಒಂದು ಗಜವೂ ಹೋಗಬಾರದು. ದೋಸೆಯ ಕಾವಲಿಯ ಮುಂದೆ ನಿಲ್ಲುವವನ ಬಲಗೈ ಮಣಿಕಟ್ಟು ಆರು ವಾರ ಪ್ಲಾಸ್ಟರಿನಲ್ಲಿ ಕುಳಿತರೆ ಆ ತಿಂಗಳು ಊರಿಗೆ ಹೋಗಬೇಕಾದ ಹಣದ ಗತಿಯೇನು? ಕೆಲಸಕ್ಕೆ ಬಾರದ ದಿನಕ್ಕೆ ಸಂಬಳವಿಲ್ಲದವರು ನಮ್ಮಲ್ಲಿ ಇಂದಿಗೂ ಕಡಿಮೆಯಿಲ್ಲ. ಗಾಡಿಯ ಬೆಲೆಯನ್ನು ಲೆಕ್ಕ ಹಾಕುವಾಗ ಈ ಬಾಬನ್ನೂ ಸೇರಿಸಬೇಕು.

ಗಾಡಿಯು ಹಠಾತ್ತಾಗಿ ಕೈಬಿಟ್ಟಾಗ ಓಡಿ ಸಾವರಿಸಿಕೊಳ್ಳುವ ವೇಗಕ್ಕೂ ಒಂದು ಎಲ್ಲೆಯಿದೆ. ಗಂಟೆಗೆ ಹದಿನೈದು ಕಿಲೋಮೀಟರಿನ ಒಳಗೆ ಚುರುಕಾದವನು ನಾಲ್ಕು ಹೆಜ್ಜೆ ಓಡಿ ನಿಂತಾನು. ಇಪ್ಪತ್ತೈದನ್ನು ದಾಟಿದ ಮೇಲೆ ಯಾವ ಸಾಮಾನ್ಯನ ಕಾಲೂ ಅಷ್ಟು ಓಡದು. ಮಳೆಗಾಲದ ಮಾತಂತೂ ಬೇರೆಯೇ. ನೀರು ನಿಂತ ಗುಂಡಿಯ ಆಳವು ಕಾಣದು; ಚರಂಡಿಯ ಕಬ್ಬಿಣದ ಮುಚ್ಚಳ, ರಸ್ತೆಯ ಮೇಲಿನ ಬಣ್ಣದ ಪಟ್ಟೆ, ಇವುಗಳ ಮೇಲೆ ಒಂಟಿಗಾಲಿ ಜಾರಿದರೆ ಆಧಾರ ಕೊಡಲು ಎರಡನೆಯ ಗಾಲಿಯಿಲ್ಲ. ಜೂನಿನಿಂದ ಸೆಪ್ಟೆಂಬರಿನ ವರೆಗೆ ಮುಂಬಯಿಯಲ್ಲಿ ಇದನ್ನು ಕಟ್ಟಿಡುವುದೇ ವಿವೇಕವೆಂದು ನಾವು ಭಾವಿಸುತ್ತೇವೆ.

ಇನ್ನು ಕಾನೂನು. ನಮ್ಮ ಕೇಂದ್ರೀಯ ಮೋಟಾರು ವಾಹನ ನಿಯಮಗಳ (೧೯೮೯) ಪ್ರಕಾರ, ಮೋಟಾರಿನ ಶಕ್ತಿಯು ೨೫೦ ವಾಟಿಗಿಂತಲೂ ಪರಮವೇಗವು ಗಂಟೆಗೆ ೨೫ ಕಿಲೋಮೀಟರಿಗಿಂತಲೂ ಕಡಿಮೆಯಾಗಿದ್ದು, ತಕ್ಕ ಬ್ರೇಕು ಮತ್ತು ಬೆಳಕನ್ನು ಪ್ರತಿಫಲಿಸುವ ಬಿಲ್ಲೆಗಳನ್ನು ಹೊಂದಿ, ಅಧಿಕೃತ ಪರೀಕ್ಷಾ ಸಂಸ್ಥೆಯ ಒಪ್ಪಿಗೆ ಪಡೆದ ಬ್ಯಾಟರಿಗಾಡಿಯನ್ನು ಮಾತ್ರ ಮೋಟಾರು ವಾಹನವಲ್ಲವೆಂದು ಬಗೆಯಲಾಗುತ್ತದೆ. ಒಂಟಿಗಾಲಿಗಳಲ್ಲಿ ಹೆಚ್ಚಿನವುಗಳ ಮೋಟಾರು ಈ ಶಕ್ತಿಯ ಅನೇಕ ಪಟ್ಟು, ವೇಗವೂ ಈ ಮಿತಿಗಿಂತ ಹೆಚ್ಚು. ಆದುದರಿಂದ ಕಾನೂನಿನ ಕಣ್ಣಿಗೆ ಅದು ನೋಂದಣಿ ಬೇಕಾದ ವಾಹನ. ಆದರೆ ಹಿಡಿಕೆ, ಕನ್ನಡಿ, ಬ್ರೇಕುಗಳಿಲ್ಲದ ಆ ವಸ್ತುವನ್ನು ನೋಂದಾಯಿಸುವ ದಾರಿಯಿಲ್ಲ. ಪಾದಚಾರಿಯೊಬ್ಬನಿಗೆ ಡಿಕ್ಕಿ ಹೊಡೆದರೆ ಪರಿಹಾರವನ್ನು ಕೊಡಲು ವಿಮಾ ಕಂಪೆನಿಯಿಲ್ಲ. ಸವಾರನ ಸ್ವಂತ ಜೇಬೇ ಗತಿ. ಈ ವಾಹನಗಳಿಗೆ ಅನುಮತಿಯುಂಟೋ ಇಲ್ಲವೋ ಎಂಬುದನ್ನು ಸರಕಾರವು ಸ್ಪಷ್ಟ ಶಬ್ದಗಳಲ್ಲಿ ಹೇಳದೆ ಇರುವುದು ಕೊಳ್ಳುವವನಿಗೂ ಅನ್ಯಾಯ, ಬೀದಿಯಲ್ಲಿ ನಡೆಯುವವನಿಗೂ ಅನ್ಯಾಯ.

ಅನ್ಯ ದೇಶಗಳಲ್ಲಿಯೂ ಏಕಾಭಿಪ್ರಾಯವಿಲ್ಲ. ಜರ್ಮನಿಯು ೨೦೧೯ರ ಜೂನಿನಲ್ಲಿ ಹಿಡಿಕೆಯಿರುವ ವಿದ್ಯುತ್ ಸ್ಕೂಟರುಗಳಿಗೆ ರಸ್ತೆಯನ್ನು ತೆರೆದು ಒಂಟಿಗಾಲಿಯನ್ನು ಹೊರಗಿಟ್ಟಿತು. ಫ್ರಾನ್ಸ್ ಅದೇ ವರ್ಷದ ಅಕ್ಟೋಬರಿನಲ್ಲಿ ೨೫ ಕಿಲೋಮೀಟರಿನ ವೇಗಮಿತಿಯೊಡನೆ ಅದನ್ನೂ ಒಪ್ಪಿತು. ನಮ್ಮ ಹೊಟೇಲು ಬಾಂಧವರು ಲಕ್ಷಿಸತಕ್ಕದ್ದು ಸಿಂಗಾಪುರದ ಉದಾಹರಣೆ. ಅಲ್ಲಿ ವಿದ್ಯುತ್ ಸ್ಕೂಟರನ್ನು ಕಾಲುದಾರಿಯಲ್ಲಿ ನಡೆಸಕೂಡದೆಂದು ೨೦೧೯ರ ನವೆಂಬರ್ ೪ರಂದು ಪಾರ್ಲಿಮೆಂಟಿನಲ್ಲಿ ಘೋಷಿಸಿ ಮರುದಿನದಿಂದಲೇ ಜಾರಿಗೆ ತಂದರು. ೨೦೨೦ರ ಏಪ್ರಿಲಿನಲ್ಲಿ ಒಂಟಿಗಾಲಿಗೂ ಅದನ್ನು ಅನ್ವಯಿಸಿದರು. ಮನೆಮನೆಗೆ ಊಟ ಸಾಗಿಸಿ ಹೊಟ್ಟೆ ಹೊರೆಯುತ್ತಿದ್ದ ಸಾವಿರಾರು ಸವಾರರು ಒಂದೇ ರಾತ್ರಿಯಲ್ಲಿ ದಾರಿಗಾಣದವರಾದರು. ಅವರು ಸೈಕಲ್ಲುಗಳಿಗೆ ಬದಲಾಯಿಸಿಕೊಳ್ಳಲು ಸರಕಾರವೂ ಕಂಪೆನಿಗಳೂ ಕೂಡಿ ಎಪ್ಪತ್ತು ಲಕ್ಷ ಸಿಂಗಾಪುರ ಡಾಲರುಗಳ ನಿಧಿಯನ್ನು ಒದಗಿಸಬೇಕಾಯಿತು. ಕಾನೂನು ಖಚಿತವಾಗದ ವಾಹನಕ್ಕೆ ಸಾಲ ಮಾಡಿ ಹಣ ಹೂಡುವವನಿಗೆ ನಮ್ಮಲ್ಲಿ ಅಂಥ ನಿಧಿ ದೊರೆತೀತೆಂದು ಯಾರು ಹೇಳಬಲ್ಲರು?

ಬೆಂಕಿಯ ವಿಷಯವನ್ನೂ ಒಂದು ಮಾತು ಹೇಳಬೇಕು. ಲಂಡನ್ ನಗರದ ಸಾರಿಗೆ ಸಂಸ್ಥೆಯವರು ೨೦೨೧ರ ಡಿಸೆಂಬರ್ ೧೩ರಿಂದ ಖಾಸಗಿ ವಿದ್ಯುತ್ ಸ್ಕೂಟರುಗಳನ್ನೂ ಒಂಟಿಗಾಲಿಗಳನ್ನೂ ತಮ್ಮ ರೈಲು ಬಸ್ಸುಗಳಲ್ಲಿ, ಮಡಚಿ ಕೈಯಲ್ಲಿ ಹಿಡಿದಿದ್ದರೂ ಸರಿಯೇ, ತರಕೂಡದೆಂದು ನಿಷೇಧಿಸಿದರು. ಕೆಲವು ಗಾಡಿಗಳ ಲಿಥಿಯಂ ಬ್ಯಾಟರಿಗಳು ಸುರಂಗ ರೈಲಿನ ಆವರಣದಲ್ಲಿಯೇ ಹೊತ್ತಿಕೊಂಡುದೇ ಇದಕ್ಕೆ ಕಾರಣ. ಒಂದು ಕೋಣೆಯಲ್ಲಿ ಎಂಟು ಹತ್ತು ಮಂದಿ ಮಲಗುವ ನಮ್ಮ ನೌಕರರ ವಸತಿಗಳಲ್ಲಿ ರಾತ್ರಿಯಿಡೀ ಇಂಥ ಬ್ಯಾಟರಿಗೆ ವಿದ್ಯುತ್ತು ತುಂಬಿಸುವುದು, ಅದೂ ಏಕಮಾತ್ರ ಬಾಗಿಲಿನ ಬಳಿ, ಸರ್ವಥಾ ಕೂಡದು. ಗಾಡಿಯೊಡನೆ ಬಂದ ಚಾರ್ಜರನ್ನೇ ಉಪಯೋಗಿಸಬೇಕು, ಎಚ್ಚರವಿರುವಾಗಲೇ ತುಂಬಿಸಬೇಕು; ಬಿದ್ದು ಜಜ್ಜಿದ ಅಥವಾ ನೀರು ಕುಡಿದ ಬ್ಯಾಟರಿಯನ್ನು ಮನೆಯೊಳಗೆ ತರಬಾರದು.

ಕೊನೆಯದಾಗಿ ಬೆಲೆಯ ವಿಚಾರ. ಅಮೇರಿಕದಲ್ಲಿ ೨೦೧೯ರಲ್ಲಿ ಹೊರಬಂದ ಚಿಕ್ಕ ಹಲಗೆಯ ಬೆಲೆಯೇ ಆಗ ೯೫೦ ಡಾಲರು ಇತ್ತು. ಸಾಗಣೆ, ಸುಂಕಗಳನ್ನು ಕೂಡಿಸಿದರೆ ಇಲ್ಲಿ ಎಷ್ಟಾಗುವುದೆಂದು ಗುಮಾಸ್ತ ಬಾಂಧವರು ನಮಗಿಂತ ಚೆನ್ನಾಗಿ ಲೆಕ್ಕ ಹಾಕಬಲ್ಲರು. ಆದುದರಿಂದ ಬಳಸಿದ ಗಾಡಿಯನ್ನು ಅಗ್ಗಕ್ಕೆ ಕೊಡುವೆನೆನ್ನುವವರ ಮಾತಿಗೆ ಮನಸ್ಸು ಸೋಲುವುದು. ೨೦೨೩ರ ಕ್ರಮದಲ್ಲಿ ಎಚ್ಚರಿಕೆಯ ಹೊಸ ಏರ್ಪಾಡು ದೊರೆತುದು ಈಚಿನ ನಾಲ್ಕು ಮಾದರಿಗಳಿಗೆ ಮಾತ್ರ. ಮೂಲದ ‘ಒನ್‌ವ್ಹೀಲ್’ ಮತ್ತು ‘ಒನ್‌ವ್ಹೀಲ್ ಪ್ಲಸ್’ ಎಂಬ ಎರಡು ಹಳೆಯ ಮಾದರಿಗಳಿಗೆ ಅದನ್ನು ಅಳವಡಿಸಲಿಲ್ಲ. ಅವುಗಳ ಮಾಲಿಕರು ಗಾಡಿಯನ್ನು ವಿಲೇವಾರಿ ಮಾಡಿದುದನ್ನು ತಿಳಿಸಿದರೆ ಹೊಸದರ ಬೆಲೆಯಲ್ಲಿ ನೂರು ಡಾಲರು ಬಿಡುವುದಾಗಿ ಕಂಪೆನಿಯು ಹೇಳಿತು. ಯಾರಾದರೂ ಅಂಥ ಹಲಗೆಯನ್ನು ತಂದು ಮುಂದಿಟ್ಟರೆ, ಹಣವನ್ನು ಎಣಿಸುವ ಮೊದಲು ಅದನ್ನು ಬೋರಲು ಹಾಕಿ ಮಾದರಿಯ ಹೆಸರನ್ನು ಓದಿಕೊಳ್ಳಿರಿ.